ಕಾಫಿ ಬೆಟ್ಟಗಳಿಂದ ಕಡಲತೀರಕ್ಕೆ: ಚಳಿಗಾಲದಲ್ಲಿ ಸ್ವಂತ ವಾಹನದಲ್ಲಿ ಪ್ರಯಾಣಿಸುವ ದಂಪತಿಗಳಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಬೆಟ್ಟಗಳಲ್ಲಿ ಒಂದೆರಡು ದಿನ ತಂಗಿ, ಅಲ್ಲಿಂದ ಘಟ್ಟ ಇಳಿದು ಉಡುಪಿ ಅಥವಾ ದಕ್ಷಿಣ ಕನ್ನಡ ಜಿಲ್ಲೆಯ ಕಡಲತೀರವನ್ನು ಸೇರುವ ಪ್ರವಾಸಕ್ಕೆ ನವೆಂಬರ್ ಕೊನೆಯ ವಾರದಿಂದ ಫೆಬ್ರವರಿಯವರೆಗಿನ ಅವಧಿಯು ಅತ್ಯಂತ ಸೂಕ್ತವಾಗಿರುತ್ತದೆ. ಬೆಳಿಗ್ಗೆ ಮಂಜು ಮುಸುಕಿದ ತೋಟದ ಮನೆಯಲ್ಲಿ ಕಾಫಿ ಕುಡಿದವರು ಅದೇ ದಿನ ಸಂಜೆ ಪಡುಬಿದ್ರಿಯ ಮರಳಿನ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡಲು ಸಾಧ್ಯವಿದೆ. ಗುಂಪಿನೊಡನೆ ಬಸ್ಸಿನಲ್ಲಿ ಬರುವವರಿಗೆ ದಾರಿ ಬಲ್ಲ ಚಾಲಕರು ಇರುತ್ತಾರೆ. ಇಬ್ಬರೇ ಕಾರಿನಲ್ಲಿ ಹೊರಡುವ ದಂಪತಿಗಳಿಗೆ ಆ ಅನುಕೂಲ ಇರುವುದಿಲ್ಲ. ಅಂಥವರು ಯಾವ ನೋಂದಣಿಗಳನ್ನು ಮುಂಚಿತವಾಗಿ ಮಾಡಿಸಿಕೊಳ್ಳಬೇಕು, ಯಾವ ದಾಖಲೆಗಳನ್ನು ಹೊಂದಿರಬೇಕು ಮತ್ತು ಘಟ್ಟದ ದಾರಿಯಲ್ಲಿ ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಯಾಣವನ್ನು ಕಿಲೋಮೀಟರ್‌ಗಳ ಲೆಕ್ಕದಲ್ಲಿ ಯೋಜಿಸಬಾರದು. ಹಗಲು ಬೆಳಕಿನ ಲೆಕ್ಕದಲ್ಲಿ ಯೋಜಿಸಬೇಕು. ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಟ್ಟದ ಮೂಲಕ ಮಂಗಳೂರಿಗೆ ಇರುವ ದೂರ ಸುಮಾರು 150 ಕಿ.ಮೀ. ಮಾತ್ರ. ಬಯಲುಸೀಮೆಯಲ್ಲಿ ಇಷ್ಟು ದೂರವನ್ನು ಎರಡೂವರೆ ಅಥವಾ ಮೂರು ಗಂಟೆಗಳಲ್ಲಿ ಕ್ರಮಿಸಿ ಅಭ್ಯಾಸವಿರುವವರು ಮಧ್ಯಾಹ್ನದ ಊಟ ಮುಗಿಸಿ ನಿಧಾನವಾಗಿ ಹೊರಡುತ್ತಾರೆ. ಡಿಸೆಂಬರ್ ತಿಂಗಳಲ್ಲಿ ಸಂಜೆ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ. ಕಾಡಿನ ಮರೆಯಲ್ಲಿರುವ ತಿರುವುಗಳಲ್ಲಿ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ನಿಲುಗಡೆಗಳೂ ಸೇರಿ ಇಡೀ ಐದು ಗಂಟೆಗಳನ್ನು ಇದಕ್ಕಾಗಿ ಮೀಸಲಿಟ್ಟು, ಬೆಳಿಗ್ಗೆ ಒಂಬತ್ತು ಗಂಟೆಯ ನಂತರ ಮತ್ತು ಹತ್ತು ಗಂಟೆಯೊಳಗೆ ಹೊರಡುವುದು ಉತ್ತಮ.

ಒಂಬತ್ತರ ನಂತರ ಎಂದು ಹೇಳಲು ಕಾರಣವಿದೆ. ಚಳಿಗಾಲದ ರಾತ್ರಿಗಳಲ್ಲಿ ಆಕಾಶ ಶುಭ್ರವಾಗಿರುವುದರಿಂದ ನೆಲವು ಬೇಗನೆ ತಣ್ಣಗಾಗುತ್ತದೆ. ತೋಟ, ಕೆರೆ ಮತ್ತು ಹಳ್ಳಗಳ ತೇವದಿಂದ ಕೂಡಿದ ತಂಪು ಗಾಳಿಯು ಕಣಿವೆಗಳಲ್ಲಿ ಇಳಿದು ನಿಂತು ಮಂಜಾಗುತ್ತದೆ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದ ಭಾಗದಲ್ಲಿ ಕೆಲವು ಬೆಳಗಿನ ಜಾವ ಹತ್ತು ಮಾರು ದೂರದ ಎದುರು ವಾಹನವೂ ಕಾಣುವುದಿಲ್ಲ. ಬಿಸಿಲೇರಿದಂತೆ ಈ ಮಂಜು ತಾನಾಗಿಯೇ ಕರಗುತ್ತದೆ. ಘಟ್ಟದ ಕೆಳಗೆ ಇದೇ ಹೊತ್ತಿಗೆ ಪ್ರಖರವಾದ ಬಿಸಿಲಿದ್ದು, ಹಗಲಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಮೇಲೆ ಉಣ್ಣೆಯ ಅಂಗಿ, ಕೆಳಗೆ ಹತ್ತಿಯ ಅಂಗಿ, ಎರಡೂ ಒಂದೇ ದಿನ ಬೇಕಾಗುವ ಪ್ರಯಾಣವಿದು.

ದಾರಿಗಳು

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ರಾಷ್ಟ್ರೀಯ ಹೆದ್ದಾರಿ 173ರಲ್ಲಿ ಸುಮಾರು 30 ಕಿ.ಮೀ. ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನಲ್ಲಿ ಹಿಂದೆ 234 ಎಂಬ ಸಂಖ್ಯೆ ಹೊಂದಿದ್ದ, ಈಗ 73 ಎಂದು ಕರೆಯಲಾಗುವ ಮಂಗಳೂರು ಹೆದ್ದಾರಿ ಸಿಗುತ್ತದೆ. ಹಳೆಯ ನಕ್ಷೆ ಅಥವಾ ಹಳೆಯ ಮೈಲಿಗಲ್ಲು ನೋಡುವವರು ಈ ಸಂಖ್ಯೆ ಬದಲಾಗಿರುವುದನ್ನು ಗಮನಿಸಬೇಕು. ಅಲ್ಲಿಂದ ಸುಮಾರು 20 ಕಿ.ಮೀ. ಮುಂದೆ ಕೊಟ್ಟಿಗೆಹಾರ. ನೀರುದೋಸೆಗೆ ಹೆಸರಾದ ಈ ಚಿಕ್ಕ ಪೇಟೆಯಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನವೂ ಇದೆ. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಈ ಕಾಡು, ಹಕ್ಕಿ ಮತ್ತು ಜನರ ಬಗ್ಗೆ ಬರೆದ ತೇಜಸ್ವಿಯವರು 2007ರಲ್ಲಿ ನಿಧನರಾದರು. ಅವರ ಓದುಗರು ಇಲ್ಲಿ ಅರ್ಧ ಗಂಟೆ ಕಳೆದರೆ ಹಗಲು ಬೆಳಕಿನ ಲೆಕ್ಕಕ್ಕೆ ತೊಂದರೆಯಾಗದು.

ಕೊಟ್ಟಿಗೆಹಾರದಲ್ಲಿ ದಾರಿ ಎರಡಾಗುತ್ತದೆ. ನೇರವಾಗಿ ಹೋದರೆ ಚಾರ್ಮಾಡಿ ಘಟ್ಟ ಇಳಿದು ಉಜಿರೆ, ಬೆಳ್ತಂಗಡಿ ಮೂಲಕ ಮಂಗಳೂರು ಸೇರಬಹುದು. ಬಲಕ್ಕೆ ತಿರುಗಿದರೆ ಕಳಸದ ದಾರಿ. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸವು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಭದ್ರಾ ನದಿಯ ದಂಡೆಯ ಈ ಊರಿನಲ್ಲಿ ಕಳಸೇಶ್ವರ ದೇವಾಲಯವಿದ್ದು, ಅನ್ನಪೂರ್ಣೇಶ್ವರಿಯ ಹೊರನಾಡು ಇಲ್ಲಿಂದ ಸುಮಾರು 8 ಕಿ.ಮೀ. ದೂರದಲ್ಲಿದೆ. ಕಳಸದಿಂದ ಸಂಸೆ, ಕುದುರೆಮುಖ ಪಟ್ಟಣ, ಭಗವತಿ ಮಾರ್ಗವಾಗಿ ಎಸ್.ಕೆ. ಬಾರ್ಡರ್ ತಲುಪಿದರೆ, ಅಲ್ಲಿ ಶೃಂಗೇರಿ ಕಡೆಯಿಂದ ಬರುವ ರಸ್ತೆ ಕೂಡಿಕೊಳ್ಳುತ್ತದೆ. ಮುಂದೆ ಮಾಳ, ಬಜಗೋಳಿ, ಕಾರ್ಕಳ, ಕಾರ್ಕಳದಿಂದ ಪಡುಬಿದ್ರಿ. ‘ಎಸ್.ಕೆ.’ ಎಂಬ ಈ ಹೆಸರು ಸೌತ್ ಕೆನರಾ ಜಿಲ್ಲೆಯ ಕಾಲದ್ದು. ಜಿಲ್ಲೆಯ ಹೆಸರು ಬದಲಾದರೂ ಬಸ್ಸಿನವರ ಬಾಯಲ್ಲಿ ಊರಿನ ಹೆಸರು ಬದಲಾಗಿಲ್ಲ.

ಇವೆರಡರಲ್ಲಿ ಯಾವುದು ಉತ್ತಮ ಎಂದು ಕೇಳುವವರಿಗೆ, ಸಮಯವಿದ್ದಲ್ಲಿ ಇಳಿಯಲು ಕುದುರೆಮುಖದ ದಾರಿ, ಮರಳಿ ಹತ್ತಲು ಚಾರ್ಮಾಡಿಯ ದಾರಿ ಎಂದು ಸೂಚಿಸಬಹುದು. ಕುದುರೆಮುಖದ ದಾರಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡಿನ ನೋಟ ವಿಶಾಲವಾಗಿದೆ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಹೆಸರಾದ ಗಂಗಾಮೂಲವೂ ಇದೇ ಪ್ರದೇಶದಲ್ಲಿದೆ. ಈ ಬೆಟ್ಟಗಳ ಒಡಲಿನಿಂದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಅದಿರನ್ನು ನೀರಿನೊಡನೆ ಬೆರೆಸಿ, ಕೊಳವೆಯ ಮೂಲಕ ಘಟ್ಟದ ಕೆಳಗಿನ ಪಣಂಬೂರಿಗೆ ಹರಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಂಪನಿಯ ನೌಕರರಿಗಾಗಿ ಕಟ್ಟಿದ ಪಟ್ಟಣ ಈಗ ಬಹುಪಾಲು ನಿಶ್ಶಬ್ದವಾಗಿದೆ. ಆದ್ದರಿಂದ ಕುದುರೆಮುಖ ಪಟ್ಟಣದಲ್ಲಿ ಎಲ್ಲ ಸೌಕರ್ಯಗಳೂ ಸಿಗುತ್ತವೆ ಎಂದು ನೆಚ್ಚಿಕೊಳ್ಳದೆ, ಇಂಧನ, ನೀರು ಮತ್ತು ಊಟದ ವ್ಯವಸ್ಥೆಯನ್ನು ಕಳಸದಲ್ಲಿಯೇ ಮಾಡಿಕೊಳ್ಳತಕ್ಕದ್ದು.

ಮನೆಯಿಂದ ಹೊರಡುವ ಮುನ್ನ

ಬೆಟ್ಟಗಳ ಅನೇಕ ಭಾಗಗಳಲ್ಲಿ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಗೇಟಿನ ಎದುರು ಕಾರು ನಿಲ್ಲಿಸಿಕೊಂಡು ದೂರವಾಣಿಯಲ್ಲಿ ನೋಂದಣಿ ಮಾಡಲು ಯತ್ನಿಸಿ, ಆಗದೆ ಮರಳಿ ಹೋಗುವವರು ಪ್ರತಿ ವಾರಾಂತ್ಯದಲ್ಲಿಯೂ ಇರುತ್ತಾರೆ. ಆದಕಾರಣ ಕೆಳಕಂಡ ಕೆಲಸಗಳನ್ನು ಮನೆಯಲ್ಲಿಯೇ ಮುಗಿಸಿ, ಪ್ರತಿಯೊಂದರ ಮುದ್ರಿತ ಪ್ರತಿಯನ್ನು ಅಥವಾ ದೂರವಾಣಿಯಲ್ಲಿ ಉಳಿಸಿಕೊಂಡ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಲು ಕೋರಲಾಗಿದೆ.

ಸುಮಾರು 1,930 ಮೀಟರ್ ಎತ್ತರವಿದ್ದು ರಾಜ್ಯದ ಅತ್ಯುನ್ನತ ಶಿಖರವಾಗಿರುವ ಮುಳ್ಳಯ್ಯನಗಿರಿ, ಮತ್ತು ಅದರ ನೆರೆಯ ಸೀತಾಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಚಿಕ್ಕಮಗಳೂರು ಜಿಲ್ಲಾಡಳಿತವು ಆನ್‌ಲೈನ್ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಬೆಳಗಿನ ಅವಧಿ ಮತ್ತು ಮಧ್ಯಾಹ್ನದ ಅವಧಿ ಎಂದು ದಿನವನ್ನು ವಿಂಗಡಿಸಿ, ಒಂದೊಂದು ಅವಧಿಗೆ ವಾಹನಗಳ ಮಿತಿಯನ್ನು ನಿಗದಿಪಡಿಸಲಾಯಿತು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಒಂದೇ ದಿನ ಸಾವಿರಾರು ಕಾರುಗಳು ಸೇರಿ ಗಂಟೆಗಟ್ಟಲೆ ನಿಲ್ಲುತ್ತಿದ್ದುದೇ ಇದಕ್ಕೆ ಕಾರಣ. ಪರಿಶೀಲನೆಯು ಕೈಮರದ ತನಿಖಾ ಠಾಣೆಯಲ್ಲಿ ನಡೆಯುತ್ತದೆ. ಚಳಿಗಾಲದ ಪ್ರವಾಸಿಗರು ವಿಶೇಷವಾಗಿ ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿಗೆ ಭಕ್ತರು ಬರುವುದರಿಂದ, ಆ ಕೆಲವು ದಿನ ಈ ಬೆಟ್ಟಗಳಿಗೆ ಇತರ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತವು ನಿರ್ಬಂಧಿಸುವುದು ರೂಢಿ. ಈ ಹುಣ್ಣಿಮೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬರುತ್ತದೆ. ಪಂಚಾಂಗ ನೋಡದೆ ಕೊಠಡಿ ಕಾದಿರಿಸಿದವರಿಗೆ ಆ ದಿನಗಳಲ್ಲಿ ಬೆಟ್ಟ ಏರಲು ಅವಕಾಶ ಸಿಗದೆ ಹೋಗಬಹುದು.

ಕುದುರೆಮುಖ ಶಿಖರ ಮುಂತಾದ ಚಾರಣ ಮಾರ್ಗಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿರುತ್ತದೆ; ಪ್ರತಿ ಮಾರ್ಗಕ್ಕೂ ದಿನದ ಸಂಖ್ಯಾಮಿತಿ ಇದೆ. ಕಾಡ್ಗಿಚ್ಚಿನ ಭೀತಿಯಿಂದ ಫೆಬ್ರವರಿಯ ಹೊತ್ತಿಗೇ ಚಾರಣವನ್ನು ನಿಲ್ಲಿಸಿದ ವರ್ಷಗಳೂ ಇವೆ. ಚಾರಣ ಮಾಡದೆ ಕೇವಲ ರಸ್ತೆಯ ಮೂಲಕ ಹಾದುಹೋಗುವವರಿಗೆ ಈ ಅನುಮತಿ ಬೇಕಾಗುವುದಿಲ್ಲ. ಆದರೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟುಗಳಲ್ಲಿ ವಾಹನದ ವಿವರ ಮತ್ತು ಒಳಬಂದ ಸಮಯವನ್ನು ದಾಖಲಿಸಿ ಚೀಟಿ ನೀಡಲಾಗುತ್ತದೆ. ಅದನ್ನು ಹೊರಹೋಗುವ ಗೇಟಿನಲ್ಲಿ ತೋರಿಸಬೇಕು. ನಿಗದಿತ ಸಮಯಕ್ಕಿಂತ ತಡವಾಗಿ ಬಂದವರನ್ನು ನಡುದಾರಿಯಲ್ಲಿ ನಿಂತಿದ್ದಕ್ಕೆ ಕಾರಣ ಕೇಳಲಾಗುತ್ತದೆ. ಹಳ್ಳದ ಬಳಿ ಇಳಿದು ಅಡುಗೆ ಮಾಡುವುದು, ಮಂಗಗಳಿಗೆ ತಿಂಡಿ ಹಾಕುವುದು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಇಲ್ಲಿ ನಿಷಿದ್ಧ. ಸಂಜೆಯ ಗೇಟಿನ ವೇಳೆಯನ್ನು ಕಳಸದಲ್ಲಿ ವಿಚಾರಿಸಿಕೊಂಡೇ ಮುಂದುವರಿಯುವುದು ಸೂಕ್ತ.

ವಾಹನದ ದಾಖಲೆಗಳು ಮತ್ತು ವಿಮೆ

ಚಾಲನಾ ಪರವಾನಗಿ, ನೋಂದಣಿ ಪ್ರಮಾಣಪತ್ರ, ವಿಮೆ ಹಾಗೂ ಹೊಗೆ ತಪಾಸಣಾ ಪ್ರಮಾಣಪತ್ರ, ಈ ನಾಲ್ಕನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ವಿದ್ಯುನ್ಮಾನ ರೂಪದಲ್ಲಿ ತೋರಿಸಲು 2018ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿದೆ. ಸಂಪರ್ಕವಿಲ್ಲದ ಕಡೆ ಅವು ತೆರೆಯದಿರಬಹುದಾದ್ದರಿಂದ ಮೂಲ ಪ್ರತಿಗಳು ಜೊತೆಯಲ್ಲಿರುವುದೇ ಕ್ಷೇಮ. ಬಾಡಿಗೆಗೆ ಪಡೆದು ತಾವೇ ಓಡಿಸುವ ಕಾರಾದಲ್ಲಿ ಅದರ ಸಂಖ್ಯಾಫಲಕವು ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರಗಳನ್ನು ಹೊಂದಿರಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ಅಪಘಾತವಾದಲ್ಲಿ ವಿಮಾ ಕಂಪನಿಯು ಅದನ್ನೇ ಕಾರಣವಾಗಿಸಿ ಪರಿಹಾರ ನಿರಾಕರಿಸಬಹುದು.

ವಿಮೆಯ ಬಗ್ಗೆ ದಂಪತಿಗಳು ಹೆಚ್ಚಾಗಿ ತಪ್ಪಾಗಿ ತಿಳಿಯುವ ಒಂದು ಅಂಶವನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯಕ. ಕಾರಿಗೆ ವಿಮೆ ಇದ್ದ ಮಾತ್ರಕ್ಕೆ ಒಳಗೆ ಕುಳಿತ ಇಬ್ಬರಿಗೂ ರಕ್ಷಣೆ ಇದೆ ಎಂದು ಅರ್ಥವಲ್ಲ. ಕಡ್ಡಾಯವಾಗಿರುವ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯು, ವಾಹನದ ಮಾಲೀಕರೂ ಪರವಾನಗಿ ಹೊಂದಿದ ಚಾಲಕರೂ ಆಗಿರುವ ವ್ಯಕ್ತಿಗೆ ಸಂಬಂಧಿಸಿದುದು. ಕಾರು ಪತಿಯ ಹೆಸರಿನಲ್ಲಿದ್ದು ಪತ್ನಿ ಪಕ್ಕದಲ್ಲಿ ಕುಳಿತಿದ್ದರೆ, ಪಾಲಿಸಿಯು ಕೇವಲ ಮೂರನೇ ವ್ಯಕ್ತಿಯ ಹೊಣೆಗಾರಿಕೆಯದ್ದಾಗಿದ್ದಲ್ಲಿ, ಆಕೆಗೆ ಆ ಪಾಲಿಸಿಯಿಂದ ಪರಿಹಾರ ದೊರೆಯುವುದು ಕಷ್ಟಸಾಧ್ಯ. ಸಮಗ್ರ ಪಾಲಿಸಿ ಇದ್ದವರು ಹೆಚ್ಚುವರಿಯಾಗಿ ಪ್ರಯಾಣಿಕರ ಅಪಘಾತ ವಿಮೆಯನ್ನೂ ಸೇರಿಸಿಕೊಳ್ಳಬಹುದು. ಅದರ ಕಂತು ಅಲ್ಪವಾಗಿರುತ್ತದೆ. ಕಾರು ಪತ್ನಿಯದಾಗಿದ್ದು ಪತಿ ಓಡಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಹೊರಡುವ ಹಿಂದಿನ ದಿನ ಪಾಲಿಸಿಯ ಕಾಗದವನ್ನು ತೆರೆದು ಓದುವುದಕ್ಕೆ ಹತ್ತು ನಿಮಿಷ ಸಾಕು.

ಇಬ್ಬರಿಗೂ ಪರವಾನಗಿ ಇದ್ದಲ್ಲಿ ಬಯಲಿನ ಭಾಗವನ್ನು ಒಬ್ಬರು, ಘಟ್ಟದ ಭಾಗವನ್ನು ಇನ್ನೊಬ್ಬರು ಓಡಿಸುವುದು ಒಳ್ಳೆಯದು. ದಣಿದ ಚಾಲಕರು ಘಟ್ಟ ಇಳಿಯಬಾರದು.

ತಂಗುವ ಸ್ಥಳ

ಕಾಫಿ ತೋಟಗಳ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕಾಗುತ್ತದೆ. ಮುಂಗಡ ಹಣ ಪಾವತಿಸುವ ಮೊದಲು ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಕೇಳುವುದು ಪ್ರವಾಸಿಗರ ಹಕ್ಕು. ಕೇವಲ ಅಂತರಜಾಲದ ಚಿತ್ರಗಳನ್ನು ನಂಬಿ ಹಣ ಕಳುಹಿಸಿ, ಅಂಥ ಮನೆಯೇ ಇಲ್ಲದ ತಿರುವಿನಲ್ಲಿ ಬಂದು ನಿಂತವರ ದೂರುಗಳು ಅಪರೂಪವಲ್ಲ. ಹೋಂಸ್ಟೇ ತೋಟದೊಳಗೆ ಎಷ್ಟು ದೂರದಲ್ಲಿದೆ, ಕೊನೆಯ ದಾರಿಯಲ್ಲಿ ಸಾಮಾನ್ಯ ಕಾರು ಹೋಗುತ್ತದೆಯೇ ಅಥವಾ ಜೀಪು ಬೇಕೇ ಎಂಬುದನ್ನೂ ಕೇಳಿ ತಿಳಿಯಬೇಕು.

ತಂಗುವಾಗ ಇಬ್ಬರೂ ಸರ್ಕಾರ ನೀಡಿದ ಯಾವುದಾದರೊಂದು ಗುರುತಿನ ಚೀಟಿಯನ್ನು ತೋರಿಸಿದರೆ ಸಾಕು. ವಿವಾಹದ ಪ್ರಮಾಣಪತ್ರವನ್ನು ಹಾಜರುಪಡಿಸಬೇಕೆಂಬ ಕಾನೂನು ಇರುವುದಿಲ್ಲ. ಹೊಸದಾಗಿ ವಿವಾಹವಾದವರ ಗುರುತಿನ ಚೀಟಿಗಳಲ್ಲಿ ಹೆಸರು ಅಥವಾ ವಿಳಾಸ ಬೇರೆ ಬೇರೆ ಇದ್ದರೂ ಅದು ಕೊಠಡಿ ನಿರಾಕರಿಸಲು ಕಾನೂನಿನ ಕಾರಣವಾಗುವುದಿಲ್ಲ. ವಯಸ್ಕರಿಬ್ಬರು ವಿವಾಹಿತರಲ್ಲದಿದ್ದರೂ ಹೋಟೆಲಿನಲ್ಲಿ ಒಟ್ಟಿಗೆ ತಂಗುವುದು ಅಪರಾಧವಲ್ಲವೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ಬೆಟ್ಟದಲ್ಲಾಗಲಿ ಕಡಲತೀರದಲ್ಲಾಗಲಿ ಖಾಸಗಿ ವ್ಯಕ್ತಿಗಳು ದಾರಿ ತಡೆದು ಸಂಬಂಧ ವಿಚಾರಿಸುವುದು, ಚಿತ್ರ ತೆಗೆಯುವುದು ಅಥವಾ ಬೆದರಿಸುವುದು ಕಂಡುಬಂದಲ್ಲಿ ವಾದಕ್ಕೆ ಇಳಿಯದೆ 112 ಸಂಖ್ಯೆಗೆ ಕರೆ ಮಾಡತಕ್ಕದ್ದು. ಹಾಗೆ ಪ್ರಶ್ನಿಸುವ ಅಧಿಕಾರ ಅವರಿಗಿಲ್ಲ.

ಕೊಯ್ಲಿನ ಕಾಲ

ಪ್ರವಾಸಿಗರಿಗೆ ಇದು ರಜೆಯ ಕಾಲವಾದರೆ, ಈ ಬೆಟ್ಟಗಳಿಗೆ ವರ್ಷದಲ್ಲಿಯೇ ಅತ್ಯಂತ ದುಡಿಮೆಯ ಕಾಲ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಅದರ ನಂತರ ಮಾರ್ಚ್‌ವರೆಗೂ ನಡೆಯುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ಕಾರ್ಮಿಕರನ್ನು ತೋಟಕ್ಕೆ ಒಯ್ಯುವ ಪಿಕಪ್ ಮತ್ತು ಜೀಪುಗಳು, ಸಂಜೆ ಹಣ್ಣು ತುಂಬಿದ ಚೀಲಗಳ ಟ್ರ್ಯಾಕ್ಟರ್‌ಗಳು ಕಿರಿದಾದ ರಸ್ತೆಗಳಲ್ಲಿ ಓಡಾಡುತ್ತವೆ. ದಾರಿಯುದ್ದಕ್ಕೂ ಪಲ್ಪರ್ ಮನೆಗಳ ಹುಳಿ ವಾಸನೆ ಬರುತ್ತದೆ. ಕೊಯ್ದ ಹಣ್ಣನ್ನು, ತೊಳೆದ ಬೀಜವನ್ನು ಒಣಗಿಸುವ ಅಂಗಳಕ್ಕೆ ಕಣ ಎನ್ನುತ್ತಾರೆ. ದಿನಗಟ್ಟಲೆ ಬಿಸಿಲಿಗೆ ಹರಡಿ, ಮತ್ತೆ ಮತ್ತೆ ಕೈಯಾಡಿಸಿ, ರಾತ್ರಿ ಮುಚ್ಚಿಟ್ಟು ಒಣಗಿಸುವ ಈ ಕೆಲಸದ ನಡುವೆ ಒಂದು ಅಕಾಲಿಕ ಮಳೆ ಬಂದರೂ ವರ್ಷದ ಬೆಳೆಯ ಗುಣಮಟ್ಟ ಕೆಡುತ್ತದೆ. ಪ್ರವಾಸಿಗರಿಗೆ ಹಿತವೆನಿಸುವ ಅದೇ ಬಿಸಿಲನ್ನು ಬೆಳೆಗಾರರೂ ಕಾಯುತ್ತಿರುತ್ತಾರೆ. ಕಣದ ಮೇಲೆ ನಡೆದು ಭಾವಚಿತ್ರ ತೆಗೆಸಿಕೊಳ್ಳುವುದು, ತೋಟದ ಗೇಟಿನ ಮುಂದೆ ವಾಹನ ನಿಲ್ಲಿಸುವುದು ಸಲ್ಲದು. ಕೇಳಿದರೆ ಬಹುತೇಕ ಬೆಳೆಗಾರರು ತಾವೇ ನಿಂತು ತೋರಿಸುತ್ತಾರೆ.

ಈ ಕಾಫಿಗೂ ಕಡಲಿಗೂ ಇರುವ ನಂಟು ಹಳೆಯದು. ಘಟ್ಟದ ಮೇಲೆ ಬೆಳೆದ ಕಾಫಿಯು ಸಂಸ್ಕರಣೆಗಾಗಿ ಮಂಗಳೂರಿನ ಕ್ಯೂರಿಂಗ್ ಘಟಕಗಳಿಗೆ ಇಳಿದು, ಅಲ್ಲಿಂದ ಹಡಗು ಸೇರುತ್ತಿತ್ತು. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಕಡಲಗಾಳಿಯ ತೇವ ಹೀರಿದ ಬೀಜಗಳು ಉಬ್ಬಿ, ಹಳದಿ ಬಣ್ಣಕ್ಕೆ ತಿರುಗಿ, ಬೇರೆಯೇ ರುಚಿ ಪಡೆಯುತ್ತಿದ್ದವು ಎನ್ನಲಾಗಿದೆ. ಸೂಯೆಜ್ ಕಾಲುವೆ ಮತ್ತು ಉಗಿಹಡಗುಗಳಿಂದ ಪ್ರಯಾಣ ಚಿಕ್ಕದಾದಾಗ ಯುರೋಪಿನ ಗ್ರಾಹಕರು ಆ ರುಚಿಯನ್ನೇ ಕೇಳಿದರಂತೆ. ಮುಂಗಾರಿನ ಗಾಳಿಗೆ ಬೀಜವನ್ನು ಒಡ್ಡಿ ಅದೇ ಗುಣ ತರಿಸುವ ‘ಮಾನ್ಸೂನ್ಡ್ ಮಲಬಾರ್’ ಪದ್ಧತಿ ಪಶ್ಚಿಮ ಕರಾವಳಿಯಲ್ಲಿ ಇಂದಿಗೂ ಇದೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಪುಡಿ ಕೊಳ್ಳುವವರು ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನೋಡಿ ಕೊಳ್ಳಬಹುದು.

ಮೂಡಿಗೆರೆ ಮತ್ತು ಆಲ್ದೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಸಂಚಾರವಿದೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ಅವು ರಸ್ತೆ ದಾಟುತ್ತವೆ. ಆನೆ ಕಂಡಲ್ಲಿ ದೂರದಲ್ಲಿಯೇ ನಿಲ್ಲಿಸಿ ಹಿಂದಕ್ಕೆ ಸರಿಯಬೇಕು; ಹಾರ್ನ್ ಮಾಡುವುದು, ದೀಪ ಮಿಣುಕಿಸುವುದು, ಕೆಳಗಿಳಿಯುವುದು ಪ್ರಾಣಾಪಾಯಕ್ಕೆ ದಾರಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಕಾಡಿನ ಅಂಚಿನಲ್ಲಿ ನಡೆದಾಡುವವರು ಮಂಗನ ಕಾಯಿಲೆಯ ಬಗ್ಗೆಯೂ ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಭಾಗದಲ್ಲಿ ಮೊದಲಿಗೆ ಗುರುತಿಸಲಾದ ಈ ಜ್ವರವು ಉಣುಗುಗಳ ಕಡಿತದಿಂದ ಹರಡುತ್ತದೆ ಮತ್ತು ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಕಾಣಿಸಿಕೊಳ್ಳುತ್ತದೆ. ಮೈಪೂರ್ತಿ ಮುಚ್ಚುವ ಬಟ್ಟೆ ಧರಿಸಿ, ಒಣ ಎಲೆಗಳ ಮೇಲೆ ಕೂರದೆ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡುಬಂದಲ್ಲಿ ಮುಟ್ಟದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಪ್ರವಾಸದಿಂದ ಮರಳಿದ ಒಂದೆರಡು ವಾರಗಳಲ್ಲಿ ತೀವ್ರ ಜ್ವರ, ತಲೆನೋವು ಬಂದರೆ ಮಲೆನಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬೆಂಗಳೂರಿನ ವೈದ್ಯರು ಅದನ್ನು ತಾವಾಗಿಯೇ ಊಹಿಸಲಾರರು.

ಘಟ್ಟ ಇಳಿಯುವುದು

ಚಾರ್ಮಾಡಿ ಘಟ್ಟವು ಪಶ್ಚಿಮಾಭಿಮುಖವಾಗಿ ಇಳಿಯುತ್ತದೆ. ಮಧ್ಯಾಹ್ನ ಮೂರರ ನಂತರ ಇಳಿಯುವ ಚಾಲಕರ ಕಣ್ಣಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಬೆಳಗಿನ ಹೊತ್ತು ಹತ್ತುವವರಿಗೂ ಇದೇ ತೊಂದರೆ. ತಿರುವು ತಿರುಗಿದೊಡನೆ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಬರುವುದರಿಂದ ಎದುರಿನ ದ್ವಿಚಕ್ರ ವಾಹನಗಳು ಕ್ಷಣಕಾಲ ಕಾಣದೇ ಹೋಗುತ್ತವೆ. ಪೂರ್ವಾಹ್ನದಲ್ಲಿ ಇಳಿದು, ಮರಳುವಾಗ ಹತ್ತು ಗಂಟೆಯ ಮೇಲೆ ಹತ್ತಿದರೆ ಎರಡೂ ಸಲ ಸೂರ್ಯ ತಲೆಯ ಮೇಲಿರುತ್ತಾನೆ.

ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಮಾತು, ಮತ್ತು ಅದು ಸರಿಯಾದ ಮಾತು. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವುದರಿಂದ ಇಡೀ ಭಾರ ಬ್ರೇಕ್‌ಗಳ ಮೇಲೆ ಬಿದ್ದು, ಅವು ಕಾದು, ಕೊನೆಯ ತಿರುವುಗಳಲ್ಲಿ ಹಿಡಿತ ತಪ್ಪುತ್ತವೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಬೇಕು, ನೀರು ಹೊಯ್ಯಬಾರದು. ಇಕ್ಕಟ್ಟಾದ ಏರುದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬುದು ಚಾಲನಾ ನಿಯಮ. ಮಂಜಿನಲ್ಲಿ ದೀಪವನ್ನು ತಗ್ಗಿಸಿಯೇ ಓಡಿಸಬೇಕು. ಎತ್ತರದ ಬೆಳಕು ಮಂಜಿಗೆ ತಾಗಿ ಮರಳಿ ಚಾಲಕರ ಕಣ್ಣಿಗೇ ಬರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ವಾಹನ ನಿಲುಗಡೆಯದು. ಘಟ್ಟದ ತಿರುವುಗಳಲ್ಲಿ ನೋಟ ಚೆನ್ನಾಗಿದೆಯೆಂದು ಕಾರನ್ನು ಅರ್ಧ ರಸ್ತೆಯಲ್ಲಿ ಬಿಟ್ಟು ಇಳಿಯುವವರಿದ್ದಾರೆ. ಮೂಡಿಗೆರೆ, ಕೊಟ್ಟಿಗೆಹಾರ ಮತ್ತು ಸುತ್ತಲಿನ ಗ್ರಾಮಗಳ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹೃದಯಾಘಾತವಾದವರು, ಹೆರಿಗೆಯ ತೊಂದರೆಯಲ್ಲಿರುವವರು, ತೋಟದಲ್ಲಿ ಬಿದ್ದು ಪೆಟ್ಟಾದ ಕಾರ್ಮಿಕರು ಇದೇ ದಾರಿಯಲ್ಲಿ ಇಳಿಯಬೇಕು. 2019ರ ಆಗಸ್ಟ್‌ನ ಮಳೆಗೆ ಘಟ್ಟ ಹಲವೆಡೆ ಕುಸಿದು ಸಂಚಾರ ನಿಂತಾಗ ಈ ಊರುಗಳು ಅನುಭವಿಸಿದ ಕಷ್ಟ ಸಣ್ಣದಲ್ಲ. ಚಳಿಗಾಲದ ಒಂದು ಭಾನುವಾರ, ತಿರುವಿನಲ್ಲಿ ನಿಂತ ನಾಲ್ಕು ಕಾರುಗಳು ಅದೇ ಕಷ್ಟವನ್ನು ಅರ್ಧ ಗಂಟೆಯ ಮಟ್ಟಿಗೆ ಮರಳಿ ತರಬಲ್ಲವು. ಆಂಬುಲೆನ್ಸ್‌ನಲ್ಲಿರುವವರಿಗೆ ಆ ಅರ್ಧ ಗಂಟೆ ಇರುವುದಿಲ್ಲ. ಮಲಯ ಮಾರುತ ಅತಿಥಿಗೃಹದ ಸುತ್ತಮುತ್ತ ರಸ್ತೆ ಬಿಟ್ಟು ನಿಲ್ಲಿಸಲು ಜಾಗವಿರುವಲ್ಲಿ ಮಾತ್ರ ನಿಲ್ಲಿಸಿ ನೋಡಬಹುದು. ಹಿಂದಿನಿಂದ ಸೈರನ್ ಕೇಳಿದರೆ ಪಕ್ಕದಲ್ಲಿ ಕುಳಿತವರು ಕಿಟಕಿ ಇಳಿಸಿ ಹಿಂದಿನ ವಾಹನಗಳಿಗೂ ಕೈಸನ್ನೆ ಮಾಡಬೇಕು. ಇಬ್ಬರು ಪ್ರಯಾಣಿಸುವುದರ ಅನುಕೂಲವೇ ಇದು.

ಅಪಘಾತ ಕಂಡವರು ನೆರವಾಗಲು ಹಿಂಜರಿಯಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮಿನನ್ವಯ, ಸದುದ್ದೇಶದಿಂದ ಗಾಯಾಳುವಿಗೆ ಸಹಾಯ ಮಾಡಿದವರನ್ನು ಹೊಣೆಗಾರರನ್ನಾಗಿಸುವಂತಿಲ್ಲ ಮತ್ತು ಹೆಸರು ಹೇಳುವಂತೆ ಬಲವಂತ ಮಾಡುವಂತಿಲ್ಲ.

ಕಡಲತೀರದಲ್ಲಿ

ಕಾರ್ಕಳದ ದಾರಿಯಲ್ಲಿ ಬಂದವರು 1432ರಲ್ಲಿ ಸ್ಥಾಪನೆಯಾದ ಗೊಮ್ಮಟೇಶ್ವರನನ್ನು ನೋಡಿ ಪಡುಬಿದ್ರಿಗೆ ಇಳಿಯಬಹುದು. ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗಿದರೆ ಕಾಪು. ಬಂಡೆಯ ಮೇಲಿನ ಇಲ್ಲಿನ ದೀಪಸ್ತಂಭ 1901ರದು. ಇನ್ನೂ ಮುಂದೆ ಮಲ್ಪೆ. ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಕಪ್ಪು ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿವೆ. ಮಳೆಗಾಲದಲ್ಲಿ ನಿಲ್ಲುವ ದೋಣಿ ಸಂಚಾರ ಚಳಿಗಾಲದಲ್ಲಿ ಇರುತ್ತದೆ. ಜೀವರಕ್ಷಕ ಅಂಗಿ ತೊಡದೆ ದೋಣಿ ಏರುವಂತಿಲ್ಲ.

ಚಳಿಗಾಲದ ಕಡಲು ಮಳೆಗಾಲಕ್ಕೆ ಹೋಲಿಸಿದರೆ ಶಾಂತವಾಗಿ ಕಾಣುತ್ತದೆ. ಬೆಟ್ಟದ ಕಡೆಯಿಂದ ಬಂದವರು ಕೆರೆಯ ನೀರಿನಂತೆ ಭಾವಿಸಿ ಇಳಿಯುವುದೂ ಉಂಟು. ಆದರೆ ಅಲೆಗಳು ದಡದಿಂದ ಮರಳುವ ಕಡೆ ಒಳಸೆಳೆತವಿರುತ್ತದೆ. ಅದಕ್ಕೆ ಸಿಕ್ಕಿಕೊಂಡವರು ದಡದತ್ತ ನೇರವಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ನಂತರ ದಡ ಸೇರಬೇಕು. ಜೀವರಕ್ಷಕ ಸಿಬ್ಬಂದಿ ಇರುವ ಕಡೆ, ಅವರು ಇರುವ ವೇಳೆಯಲ್ಲಿ ಮಾತ್ರ ನೀರಿಗಿಳಿಯಬೇಕು. ಕೆಂಪು ಬಾವುಟ ಇದ್ದಲ್ಲಿ ಇಳಿಯಲೇಬಾರದು. ಒಬ್ಬರು ನೀರಿನಲ್ಲಿದ್ದಾಗ ಇನ್ನೊಬ್ಬರು ದಡದಲ್ಲಿರುವುದು ಒಳ್ಳೆಯ ರೂಢಿ. ಕಾರನ್ನು ಮರಳಿನ ಮೇಲೆ ಇಳಿಸಬಾರದು. ಹೂತ ಚಕ್ರವನ್ನು ಉಬ್ಬರಕ್ಕೆ ಮುನ್ನ ಎತ್ತಲು ಮೀನುಗಾರರನ್ನೇ ಕರೆಯಬೇಕಾಗುತ್ತದೆ, ಮತ್ತು ಅವರಿಗೆ ಆ ಹೊತ್ತಿನಲ್ಲಿ ತಮ್ಮದೇ ಕೆಲಸವಿರುತ್ತದೆ.

ಸೂರ್ಯಾಸ್ತ ನೋಡಿದ ರಾತ್ರಿ ಕರಾವಳಿಯಲ್ಲಿಯೇ ತಂಗತಕ್ಕದ್ದು. ಅದೇ ರಾತ್ರಿ ಘಟ್ಟ ಹತ್ತಿ ತೋಟದ ಮನೆ ಸೇರುತ್ತೇವೆಂಬ ಯೋಜನೆಯನ್ನು ಕೈಬಿಡುವುದು ಲೇಸು. ಮರುದಿನ ಬೆಳ್ತಂಗಡಿ ಅಥವಾ ಉಜಿರೆಯಲ್ಲಿ ಉಪಾಹಾರ ಮುಗಿಸಿ, ಚಾರ್ಮಾಡಿಯಲ್ಲಿ ರಸ್ತೆ ಕಾಮಗಾರಿ ಅಥವಾ ಸಂಚಾರ ನಿರ್ಬಂಧವಿದೆಯೇ ಎಂದು ಅಲ್ಲಿಯೇ ವಿಚಾರಿಸಿಕೊಂಡು ಹೊರಡಬೇಕು. ಘಟ್ಟ ಮುಚ್ಚಿದ್ದಲ್ಲಿ ಶಿರಾಡಿ ಘಟ್ಟದ ಮೂಲಕ ಸಕಲೇಶಪುರಕ್ಕೆ ಬಂದು ಮೂಡಿಗೆರೆ ಸೇರಬಹುದು. ಅದಕ್ಕೆ ಹೆಚ್ಚಿನ ಸಮಯ ಬೇಕಾಗುತ್ತದೆ. ದಾರಿಯಲ್ಲಿ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗಳಿಗೆ ಕರೆ ಮಾಡಬಹುದು. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಿದರೆ ವಾಹನ ಬೇಗ ತಲುಪುತ್ತದೆ. ಆದ್ದರಿಂದ ಚಾಲಕರ ಪಕ್ಕದಲ್ಲಿ ಕುಳಿತವರು ಘಟ್ಟದಲ್ಲಿ ಹಾದುಹೋಗುವ ಕಲ್ಲುಗಳ ಸಂಖ್ಯೆಯನ್ನು ಗಮನಿಸುತ್ತಿರಬೇಕು.